ಮಾವನ ಜೊತೆ ಕೊಡಗು: ಗದ್ದುಗೆ, ದರ್ಗಾ, ಸಂತೆ

ಶುಕ್ರವಾರ

ರಿಪಬ್ಲಿಕ್ ಡೇ ಸೋಮವಾರ ಬಿದ್ದಿತ್ತು, ಶುಕ್ರವಾರ ಒಂದು ಸಿಎಲ್ ಹಾಕಿದ್ರೆ ಸಾಕು ಉದ್ದ ರಜೆ. ತುಮಕೂರಿಂದ ಇನ್ನೂ ಕತ್ತಲಿದ್ದಾಗ್ಲೇ ಹೊರಟ್ವಿ, ನಾನು, ನಮ್ಮನೆಯವಳು, ಹಿಂದಿನ ಸೀಟಲ್ಲಿ ಮಾವ. ಮಾವ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಸಮಾಜ ವಿಜ್ಞಾನ. ಲಿಂಗಾಯತರು, ಮೊಟ್ಟೆ ಹಾಕಿದ ಕೇಕೂ ಮುಟ್ಟಲ್ಲ. ದೇಶ ಧರ್ಮದ ವಿಷಯ ಬಂದ್ರೆ ದನಿ ಏರತ್ತೆ, ಎದುರಿಗಿರೋರು ಒಪ್ಪಿದ್ರೂ ಇಳಿಯಲ್ಲ. ಶ್ರೀರಂಗಪಟ್ಟಣದ ಹತ್ರ ಕೋಟೆ ಗೋಡೆ ಕಂಡಿದ್ದೇ ಶುರುವಾಯ್ತು, ಟಿಪ್ಪು ಹೀಗೆ, ಟಿಪ್ಪು ಹಾಗೆ, ಹುಣಸೂರು ಬರೋ ತನಕ ನಾವಿಬ್ರೂ ಹ್ಞೂಂ ಹ್ಞೂಂ ಅಂತ ಇಡ್ಲಿ ತಿನ್ನೋ ಹೋಟೆಲ್ ಹುಡುಕ್ತಿದ್ವಿ.

ಪಿರಿಯಾಪಟ್ಟಣ ದಾಟಿ ತಂಬಾಕು ಒಣಗಿಸೋ ಬ್ಯಾರನ್‌ಗಳೆಲ್ಲ ಮುಗಿದ ಮೇಲೆ ಬೈಲಕುಪ್ಪೆ, ಟಿಬೆಟನ್ ನಿರಾಶ್ರಿತರ ಕ್ಯಾಂಪು. ಇದು ಕೊಡಗಲ್ಲ, ಇನ್ನೂ ಮೈಸೂರು ಜಿಲ್ಲೆ, ಆದ್ರೆ ಕೊಡಗಿಗೆ ಹೋಗೋರೆಲ್ಲ ಇಲ್ಲಿ ಗಾಡಿ ನಿಲ್ಲಿಸೇ ಹೋಗೋದು. ಗೋಲ್ಡನ್ ಟೆಂಪಲ್ ನೋಡೋದಾದ್ರೆ ಬೆಳಿಗ್ಗೆನೇ ಹೋಗಿ, ಹನ್ನೊಂದರ ಮೇಲೆ ಟೂರಿಸ್ಟ್ ಬಸ್ಸುಗಳು ಬಂದು ಬುದ್ಧನಿಗಿಂತ ಸೆಲ್ಫಿ ಸ್ಟಿಕ್ಕೇ ಜಾಸ್ತಿ ಕಾಣ್ಸತ್ತೆ. ನಿಮ್ಮ ಜೊತೆ ವಿದೇಶಿ ಪಾಸ್‌ಪೋರ್ಟ್‌ನವರು ಇದ್ದು ರಾತ್ರಿ ಅಲ್ಲೇ ತಂಗೋ ಪ್ಲಾನ್ ಇದ್ರೆ ಮೊದಲೇ ಪರ್ಮಿಟ್ ತಗೊಂಡಿರ್ಬೇಕು, ಅದು ನೆನಪಿರ್ಲಿ.

ನಮಗೆ ಬೇಕಿದ್ದಿದ್ದು ಊಟ. ಕ್ಯಾಂಪ್ ಒಳಗಿನ ಒಂದು ಚಿಕ್ಕ ಹೋಟೆಲಲ್ಲಿ ಮಾವನಿಗೆ ತರಕಾರಿ ಥುಕ್ಪಾ, ಅಂದ್ರೆ ಟಿಬೆಟನ್ ನೂಡಲ್ಸ್ ಸೂಪು, ಹೇಳಿದ್ವಿ. ಕೌಂಟರ್‌ನಲ್ಲಿದ್ದ ಹೆಂಗಸು ಪಕ್ಕಾ ಪಿರಿಯಾಪಟ್ಟಣದ ಕನ್ನಡದಲ್ಲಿ "ಸ್ಟಾಕ್ ತರ್ಕಾರೀದೇ, ಮೂಳೆ ಹಾಕಿಲ್ಲ, ತಿನ್ನಿ ಸಾರ್" ಅಂದ್ರು. ಅಷ್ಟೇ ಸಾಕಾಯ್ತು ಮಾವನಿಗೆ ಮಾತಿಗೆಳೆಯೋಕೆ. ಇಲ್ಲೇ ಹುಟ್ಟಿದೋರಂತೆ, ಎಪ್ಪತ್ತರ ದಶಕದಲ್ಲಿ. ಅಪ್ಪ ಅಮ್ಮ 1959ರಲ್ಲಿ ದಲೈ ಲಾಮಾ ಹಿಂದೆ ಗಡಿ ದಾಟಿ ಬಂದೋರು, 1961ರಲ್ಲಿ ಇಲ್ಲಿ ಕ್ಯಾಂಪ್ ಶುರುವಾದಾಗ ಸುತ್ತ ಪೂರ್ತಿ ಕಾಡಂತೆ, ಮರ ಕಡಿದು, ಆನೆ ಓಡಿಸಿ ಜೋಳ ಹಾಕಿದ್ರಂತೆ. ಇವರಿಗೆ ಇಲ್ಲಿ ವೋಟಿದೆ, ಇವರ ತಮ್ಮನಿಗಿಲ್ಲ. ಯಾಕಂದ್ರೆ 1987ರ ಜುಲೈ 1ಕ್ಕಿಂತ ಮುಂಚೆ ಇಂಡಿಯಾದಲ್ಲಿ ಹುಟ್ಟಿದೋರು ಹುಟ್ಟಿನಿಂದ್ಲೇ ಪ್ರಜೆಗಳು, ಆಮೇಲೆ ಹುಟ್ಟಿದೋರಿಗೆ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ರಾದ್ರೂ ಪ್ರಜೆ ಆಗಿರ್ಬೇಕು ಅಂತ ಕಾನೂನು ಬದಲಾಯ್ತು. ತಮ್ಮ 89ರಲ್ಲಿ ಹುಟ್ಟಿದ್ದು, ಅವನಿಗೆ ನಿರಾಶ್ರಿತರ ಆರ್‌ಸಿ, ಅಂದ್ರೆ ನೋಂದಣಿ ಪತ್ರ, ಅದನ್ನ ಆಗಾಗ ರಿನ್ಯೂವಲ್ ಮಾಡಿಸ್ಬೇಕು. ಒಂದೇ ಮನೆ, ಒಂದೇ ಪಾತ್ರೇಲಿ ಊಟ.

ಮಾವ ಬಿಡ್ತಾರಾ. "ಹಾಗಾದ್ರೆ ನಿಮ್ಮ ದೇಶ ಯಾವ್ದು ಅಂತೀರಮ್ಮ?" ಅಂದ್ರು.

"ದೇಶ ಟಿಬೆಟ್, ಊರು ಬೈಲಕುಪ್ಪೆ, ಬಿಲ್ಲು 340" ಅಂದ್ರು ಆಕೆ.

ಧರ್ಮ ಒಂದೇ ಆದ್ರೆ ಜಗಳ ಇರಲ್ಲ ಅಂತ ಮಾವ ಕಾರಲ್ಲಿ ಹೇಳ್ತಾ ಬಂದಿದ್ರು. ಇಲ್ಲಿ ಮಠಗಳ ಸುತ್ತ ಒಂದು ರೌಂಡ್ ಹಾಕಿದ್ರೆ ಆ ಮಾತು ನಿಲ್ಲಲ್ಲ. ದೋರ್ಜೆ ಶುಗ್ದೆನ್ ಅನ್ನೋ ರಕ್ಷಕ ದೇವತೆನ ಪೂಜಿಸಬಾರದು ಅಂತ ದಲೈ ಲಾಮಾ ಹೇಳಿದ್ರು, ಸೆರಾ ಮಠದೊಳಗಿನ ಒಂದು ಗುಂಪು ನಾವು ಬಿಡಲ್ಲ ಅಂತು, ಕೊನೆಗೆ 2008ರಲ್ಲಿ ಬೇರೆಯಾಗಿ ಸೆರ್ಪೋಮ್ ಅಂತ ಇದೇ ಬೈಲಕುಪ್ಪೇಲೇ ಇನ್ನೊಂದು ಮಠ ಮಾಡ್ಕೊಂಡ್ರು. ಎಲ್ರೂ ಒಂದೇ ದೇಶ ಕಳಕೊಂಡೋರು, ಒಂದೇ ಬಣ್ಣದ ಬಟ್ಟೆ, ಒಂದೇ ಬುದ್ಧ. ಮಾವ ಇದನ್ನ ಕೇಳಿ "ಅದು ಅವರ ಒಳಜಗಳ ಬಿಡಿ" ಅಂತ ಕಿತ್ತಳೆ ಹಣ್ಣು ಚೌಕಾಸಿ ಮಾಡೋಕೆ ಹೋದ್ರು.

ಕುಶಾಲನಗರದ ಸೇತುವೇಲಿ ಕಾವೇರಿ ದಾಟಿದ್ರೆ ಕೊಡಗು. ಸುಂಟಿಕೊಪ್ಪದಿಂದ ಮೇಲೆ ತಿರುವು ಜಾಸ್ತಿ, ತೋಟಗಳಲ್ಲಿ ರೋಬಸ್ಟಾ ಕೊಯ್ಲು ಜೋರಾಗಿ ನಡೀತಿತ್ತು, ಕಣದಲ್ಲಿ ಹರವಿದ ಕಾಫಿ ಹಣ್ಣಿನ ಹುಳಿ ವಾಸನೆ ಕಿಟಕಿ ಹಾಕಿದ್ರೂ ಒಳಗೆ ಬರ್ತಿತ್ತು. ಹೋಮ್‌ಸ್ಟೇ ಮಡಿಕೇರಿಯಿಂದ ಸ್ವಲ್ಪ ಆಚೆ, ಒಬ್ಬರು ಕೊಡವ ಅಂಕಲ್ಲು ಆಂಟಿ ಮನೆ, ಮಕ್ಕಳು ಕೆನಡಾದಲ್ಲಿ.

ಈ ಮನೆ ಅಡುಗೆಮನೆ ಬಗ್ಗೆ ಸ್ವಲ್ಪ ಹೇಳ್ಲೇಬೇಕು. ಬುಕ್ ಮಾಡಿದಾಗ್ಲೇ ಆಂಟಿ ಫೋನಲ್ಲಿ "ನಿಮ್ಮ ಮಾವ ಲಿಂಗ ಕಟ್ಟಿದೋರಾ? ಬೆಳ್ಳುಳ್ಳಿ ನಡೆಯತ್ತಾ? ಒಂದೇ ಟೇಬಲ್ಲಿನಲ್ಲಿ ಕೂತ್ಕೋತಾರಾ?" ಅಂತ ಒಂದೊಂದೇ ಕೇಳಿದ್ರು, ನಮ್ಮನೆಯವಳಿಗೆ ಇದೇನಪ್ಪ ಜಾತಿ ಕೇಳ್ತಾರೆ ಅಂತ ಸಿಟ್ಟು ಬಂದಿತ್ತು. ಹೋಗಿ ನೋಡಿದ್ರೆ ಅಟ್ಟದ ಮೇಲಿಂದ ಇಳಿಸಿದ ಬೇರೆ ಸ್ಟೀಲ್ ಪಾತ್ರೆ ಸೆಟ್ಟು, ಪ್ರತಿ ತಟ್ಟೆ ತಳಕ್ಕೆ ಹಸಿರು ಪೈಂಟಿನ ಚುಕ್ಕೆ. ಹಂದಿ ಬೇಯ್ತಿದ್ದಿದ್ದು ಮನೆಯಿಂದಾಚೆ ಶೀಟ್ ಹಾಕಿದ ಶೆಡ್‌ನಲ್ಲಿ ಸೌದೆ ಒಲೆ ಮೇಲೆ. ಒಳಗೆ ಗ್ಯಾಸ್ ಮೇಲೆ ಮಾವನಿಗೆ ಅಕ್ಕಿ ಒಟ್ಟಿ, ಎಳ್ಳು ಪಜ್ಜಿ, ಕುಂಬಳಕಾಯಿ ಕರಿ. ಮಾವ ಅಡುಗೆಮನೆ ಬಾಗಿಲಲ್ಲಿ ನಿಂತು ಇನ್ಸ್‌ಪೆಕ್ಷನ್ ಮಾಡಿದ್ರು, ಆಂಟಿ ಬೇಜಾರೂ ಮಾಡ್ಕೊಳ್ದೆ ಸೌಟು ಎತ್ತಿ ಅದರ ಚುಕ್ಕೇನೂ ತೋರಿಸಿದ್ರು. ಅಂಕಲ್ ಗ್ಲಾಸ್ ಹಿಡ್ಕೊಂಡು ಬಂದು "ಮೇಷ್ಟ್ರೇ, ನಾನು ಆ ತುದೀಲಿ ಕೂತ್ಕೋತೀನಿ, ನೀವು ಈ ತುದಿ" ಅಂತ ಜಗಲಿಯ ಇನ್ನೊಂದು ಕೊನೆಗೆ ಕುರ್ಚಿ ಎಳ್ಕೊಂಡ್ರು. ಇಬ್ಬರಿಗೂ ಕಿವಿ ಸ್ವಲ್ಪ ಮಂದ, ಹತ್ತು ಗಂಟೆ ತನಕ ಆ ತುದಿಯಿಂದ ಈ ತುದಿಗೆ ಕೂಗ್ಕೊಂಡೇ ಹರಟೆ. ನಾನು ಪಂದಿ ಕರಿ ತಿಂದೆ, ಕಡಂಬುಟ್ಟು ಜೊತೆ, ಕಾಚಂಪುಳಿ ಹಾಕಿದ ಆ ಕಪ್ಪು ಮಸಾಲೆ ಬಗ್ಗೆ ಇಲ್ಲಿ ಬರೆದ್ರೆ ಮಾವ ಓದ್ತಾರೆ, ಬೇಡ.

"ನಮ್ಮ ರಾಜರು ನಿಮ್ಮೋರೇ ಮೇಷ್ಟ್ರೇ" ಅಂದ್ರು ಅಂಕಲ್. ಹಾಲೇರಿ ರಾಜರು ಲಿಂಗಾಯತರು, ಇನ್ನೂರು ವರ್ಷಕ್ಕಿಂತ ಜಾಸ್ತಿ, 1834ರಲ್ಲಿ ಬ್ರಿಟಿಷರು ಚಿಕ್ಕ ವೀರರಾಜೇಂದ್ರನ್ನ ಇಳಿಸೋ ತನಕ ಆಳಿದ್ದು ಅವರೇ. "ನಮ್ಮ ಅಜ್ಜಂದಿರು ಹಂದಿ ಹೊಡೆದು ತಿಂದು ಹೋಗಿ ಅರಮನೆ ಕಾಯ್ತಿದ್ರು. ರಾಜರು ತಿನ್ನಲಿಲ್ಲ, ತಿನ್ಬೇಡಿ ಅಂತಾನೂ ಅನ್ಲಿಲ್ಲ. ನಾವೂ ಲಿಂಗ ಕಟ್ಕೊಳ್ಳಿಲ್ಲ."

ಶನಿವಾರ

ಬೆಳಿಗ್ಗೆ ಮಂಜು ಕರಗೋಕೆ ಒಂಬತ್ತಾಯ್ತು. ಮೊದಲು ಕೋಟೆ. ಹದಿನೇಳನೇ ಶತಮಾನದ ಕೊನೇಲಿ ಮುದ್ದುರಾಜ ಮಣ್ಣಲ್ಲಿ ಕಟ್ಟಿಸಿದ್ದು, ಟಿಪ್ಪು ಅದನ್ನ ಕಲ್ಲಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟ, ಒಳಗಿನ ಅರಮನೇನ 1812ರಿಂದ 14ರೊಳಗೆ ಲಿಂಗರಾಜೇಂದ್ರ ಮತ್ತೆ ಕಟ್ಟಿಸಿದ, ಬ್ರಿಟಿಷರು 1855ರಲ್ಲಿ ಅಲ್ಲಿದ್ದ ವೀರಭದ್ರನ ಗುಡಿ ತೆಗೆದು ಚರ್ಚ್ ಕಟ್ಟಿದ್ರು, ಆ ಚರ್ಚ್ ಈಗ ಸರ್ಕಾರಿ ಮ್ಯೂಸಿಯಮ್ಮು, ಒಳಗೆ ಹಳೇ ವೀರಗಲ್ಲುಗಳು. ಆವರಣದಲ್ಲೇ ಕೋಟೆ ಗಣಪತಿ. ಮಾವ ಗಾರೆ ಆನೆಗಳ ಪಕ್ಕ ನಿಂತು "ಇದು ಈಗ ಯಾರ ಕೋಟೆ ಅಂತ ಬರೀಬೇಕು?" ಅಂದ್ರು, ಪಾಪ ನಿಜವಾಗ್ಲೂ ಕೇಳಿದ್ದು, ಮೇಷ್ಟ್ರಲ್ವಾ, ಬೋರ್ಡ್ ಮೇಲೆ ಒಂದೇ ಸಾಲಲ್ಲಿ ಬರೆಯೋ ಅಭ್ಯಾಸ.

ಅಲ್ಲಿಂದ ಗದ್ದುಗೆ. ಮಡಿಕೇರಿಗೆ ಬರೋರು ರಾಜಾ ಸೀಟ್ ಸನ್‌ಸೆಟ್‌ಗೆ ತಳ್ಳಾಡ್ತಾರೆ, ಗದ್ದುಗೇಲಿ ನಾವು ಹೋದಾಗ ಇದ್ದಿದ್ದು ಇಬ್ಬರು ಪ್ರೇಮಿಗಳು ಒಂದು ನಾಯಿ. ಟಿಪ್ಪುವಿನ ಸೆರೆಯಿಂದ 1788ರಲ್ಲಿ ತಪ್ಪಿಸ್ಕೊಂಡು ಬಂದು, ಆಮೇಲೆ ಬ್ರಿಟಿಷರ ಜೊತೆ ಸೇರ್ಕೊಂಡು ಅವನ ಮೇಲೆ ಯುದ್ಧ ಮಾಡಿದ ದೊಡ್ಡ ವೀರರಾಜೇಂದ್ರನ ಸಮಾಧಿ ಇಲ್ಲಿರೋದು. ಪಕ್ಕದ್ದು ಅವನ ತಮ್ಮ ಲಿಂಗರಾಜೇಂದ್ರಂದು. ಮಧ್ಯೆ ದೊಡ್ಡ ಗುಂಬಜ್, ನಾಲ್ಕು ಮೂಲೆಗೆ ಮಿನಾರುಗಳು, ದೂರದಿಂದ ಯಾರು ನೋಡಿದ್ರೂ ದರ್ಗಾ ಅಂತಾನೇ ಅನ್ನೋದು. ಹತ್ರ ಹೋದ್ರೆ ಮೂಲೆಗಳಲ್ಲಿ ಬಸವ ಕೂತಿದಾನೆ. ಒಳಗೆ ಲಿಂಗಪೂಜೆ. ಟಿಪ್ಪು ಮೇಲೆ ಅಷ್ಟು ಹಗೆ ಇದ್ದ ಮನೆತನ ಕೊನೆಗೆ ಮಲಗೋಕೆ ಆರಿಸ್ಕೊಂಡ ಕಟ್ಟಡದ ಅಂದ ಶ್ರೀರಂಗಪಟ್ಟಣದ ಗುಂಬಜ್ ಥರಾನೇ ಇದೆ. ಆ ಕಾಲಕ್ಕೆ ಅದು ರಾಜಗಾಂಭೀರ್ಯದ ಸ್ಟೈಲು, ಅಷ್ಟೇ, ಗುಂಬಜ್ ಯಾವ ಧರ್ಮದ್ದು ಅಂತ ಮೇಸ್ತ್ರಿನ ಕೇಳಿದ ಹಾಗೆ ಕಾಣ್ಸಲ್ಲ. 1820ರಲ್ಲಿ ಇದೇ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನಾನೂ ಹೀಗೇ, ಮಧ್ಯೆ ಗುಂಬಜ್, ಮೂಲೆಗಳಲ್ಲಿ ಮಿನಾರು, ಎದುರಿಗೆ ಕೆರೆ, ಒಳಗೆ ಈಶ್ವರ. ಮಾವ ಗದ್ದುಗೇಗೆ ಸುತ್ತು ಹಾಕಿ, ಕೈ ಮುಗಿದು, ಮೊಬೈಲಲ್ಲಿ ಒಂದೆರಡು ಫೋಟೋ ತೆಗೆದ್ರು. ಅದೇ ಆವರಣದಲ್ಲಿ ಟಿಪ್ಪು ವಿರುದ್ಧ ಹೋರಾಡಿ ಸತ್ತ ಬಿದ್ದಂಡ ಬೋಪು, ಅವನ ಮಗ ಸೋಮಯ್ಯ, ಇವರಿಬ್ಬರ ಸಮಾಧೀನೂ ಇದೆ. ಲಿಂಗಾಯತ ರಾಜನ ಪಕ್ಕ ಕೊಡವ ದಂಡನಾಯಕರು. ಮಾವ ಅಲ್ಲಿ ಜಾಸ್ತಿ ಹೊತ್ತು ನಿಂತ್ರು.

ಮಧ್ಯಾಹ್ನ ಸನ್ನಿಸೈಡ್, ಜನರಲ್ ತಿಮ್ಮಯ್ಯನವರ ಮನೆ, 2021ರಲ್ಲಿ ಮ್ಯೂಸಿಯಂ ಆಯ್ತು. ಮುಂಚೆ ಇದೇ ಕಟ್ಟಡದಲ್ಲಿ ಆರ್‌ಟಿಓ ಆಫೀಸಿತ್ತಂತೆ. ಹೊರಗೆ ಯುದ್ಧ ಟ್ಯಾಂಕು, ವಿಮಾನ, ಮಕ್ಕಳೆಲ್ಲ ಅಲ್ಲೇ. ನನಗೆ ಹಿಡಿಸಿದ್ದು ಒಳಗಿನ ಸೈಪ್ರಸ್ ಕಥೆ. ಸೇನಾ ಮುಖ್ಯಸ್ಥರಾಗಿ ರಿಟೈರ್ ಆದ ಮೇಲೆ 1964ರಲ್ಲಿ ವಿಶ್ವಸಂಸ್ಥೆ ಇವರನ್ನ ಸೈಪ್ರಸ್‌ಗೆ ಕಳಿಸ್ತು. ಗ್ರೀಕ್ ಮಾತಾಡೋ ಕ್ರೈಸ್ತರು, ಟರ್ಕಿಶ್ ಮಾತಾಡೋ ಮುಸ್ಲಿಮರು, ಪಕ್ಕಪಕ್ಕದ ಊರುಗಳು, ಒಬ್ಬರಿಗೆ ಗ್ರೀಸ್ ಜೊತೆ ಸೇರ್ಬೇಕು, ಇನ್ನೊಬ್ಬರಿಗೆ ದ್ವೀಪ ಭಾಗ ಆಗ್ಬೇಕು, ಮಧ್ಯೆ ನಿಂತು ಗುಂಡು ಹಾರದ ಹಾಗೆ ನೋಡ್ಕೊಳೋ ಕೆಲಸ ಈ ಮಡಿಕೇರಿಯವರಿಗೆ. 1965ರ ಡಿಸೆಂಬರ್‌ನಲ್ಲಿ ಅಲ್ಲೇ ಡ್ಯೂಟೀಲಿದ್ದಾಗ ತೀರ್ಕೊಂಡ್ರು, ಮರುವರ್ಷ ಸೈಪ್ರಸ್ ಸರ್ಕಾರ ಇವರ ಚಿತ್ರದ ಸ್ಟ್ಯಾಂಪ್ ತಂತು. ನಾನು ಉಬ್ಬಿ ಹೇಳ್ತಿದ್ರೆ ಮಾವ ಕನ್ನಡಕ ಒರೆಸ್ಕೊಂಡು "ಆಮೇಲೆ 74ರಲ್ಲಿ ಟರ್ಕಿ ಸೈನ್ಯ ನುಗ್ತಲ್ಲ, ಇವತ್ತಿಗೂ ಆ ದ್ವೀಪ ಎರಡು ಹೋಳು" ಅಂದ್ರು. ನಿಜಾನೇ. ಉತ್ತರ ಹೊಳೀಲಿಲ್ಲ. ಅಂದ ಹಾಗೆ ಸೋಮವಾರ ಈ ಮ್ಯೂಸಿಯಂ ರಜೆ, ನೋಡ್ಕೊಂಡು ಹೋಗಿ.

ಸಂಜೆ ಚಳಿ, ಜಗಲೀಲಿ ಮತ್ತೆ ಆ ತುದಿ ಈ ತುದಿ. ಇವತ್ತು ಮಾವನೇ ಟಿಪ್ಪು ವಿಷಯ ತೆಗೆದ್ರು, ಅಂಕಲ್ ಖುಷಿಯಾಗ್ತಾರೆ ಅಂದ್ಕೊಂಡಿದ್ರೇನೋ. ಅಂಕಲ್ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ ಹೇಳಿದ್ದು ಇಷ್ಟು. ಟಿಪ್ಪು ಕೊಡವರನ್ನ ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಎಳ್ಕೊಂಡು ಹೋಗಿದ್ದು, ದೇವಟ್ಟಿಪರಂಬಿನಲ್ಲಿ ಕಡಿದಿದ್ದು ಇವರ ಮನೆಗಳಲ್ಲಿ ಇವತ್ತಿಗೂ ಹೇಳೋ ಮಾತು, ಪುಸ್ತಕ ಓದಿ ಕಲಿತಿದ್ದಲ್ಲ. "ನಮ್ಮಜ್ಜ ಸಾಕಿದ ನಾಯಿಗೆಲ್ಲ ಟಿಪ್ಪು ಅಂತ್ಲೇ ಹೆಸರು. ಬೇಲಿ ಆಚೆ ಮಾಪಿಳ್ಳೆ ಮುಸ್ಲಿಮರ ಮನೆ, ಅವ್ರೂ 'ನಿಮ್ಮ ಟಿಪ್ಪು ನಮ್ಮ ಕೋಳಿ ಹಿಡೀತು' ಅಂತ ದೂರು ತರ್ತಿದ್ರು. ಯಾರೂ ಎಫ್‌ಐಆರ್ ಹಾಕ್ಲಿಲ್ಲ. ಈಗ ಹಾಗೆ ಹೆಸರಿಡೋಕಾಗತ್ತಾ?"

2015ರಲ್ಲಿ ಸರ್ಕಾರ ನವೆಂಬರ್ 10ಕ್ಕೆ ಟಿಪ್ಪು ಜಯಂತಿ ಅಂತ ದಿನ ಫಿಕ್ಸ್ ಮಾಡ್ತು. ಅವತ್ತು ಮಡಿಕೇರಿ ಪೇಟೇಲಿ ಮೆರವಣಿಗೆ, ಎದುರು ಪ್ರತಿಭಟನೆ, ಕಲ್ಲು, ಲಾಠಿ. ವಿಎಚ್‌ಪಿ ಮುಖಂಡರೊಬ್ಬರು ಸತ್ರು, ಗುಂಡೇಟು ಬಿದ್ದ ಮುಸ್ಲಿಂ ಹುಡುಗನೊಬ್ಬ ಆಮೇಲೆ ಆಸ್ಪತ್ರೇಲಿ ಸತ್ತ. ಮುಂದಿನ ವರ್ಷಗಳಲ್ಲಿ ನವೆಂಬರ್ ಬಂತು ಅಂದ್ರೆ ಪೊಲೀಸು, ನಿಷೇಧಾಜ್ಞೆ. 2019ರ ಜುಲೈನಲ್ಲಿ ಸರ್ಕಾರ ಬದಲಾಗಿ ಜಯಂತಿ ರದ್ದಾಯ್ತು. "ಎರಡೂ ಕಡೆ ನಂಗೆ ಪರಿಚಯ ಇಲ್ಲದ ಮುಖಗಳೇ ಜಾಸ್ತಿ ಇದ್ವು" ಅಂದ್ರು ಅಂಕಲ್. ಇದನ್ನ ನಾನು ಪೂರ್ತಿ ನಂಬಲ್ಲ. ಎಲ್ಲ ಊರಲ್ಲೂ ಗಲಾಟೆ ಮಾಡಿದೋರು ಹೊರಗಿನೋರೇ ಆಗಿರ್ತಾರೆ, ಹಾಗಾದ್ರೆ ಆ ಹೊರಗಿನೋರ ಊರು ಯಾವ್ದು? ಅವರಿಗೆ ಬಾಗಿಲು ತೆಗೆದೋರು ಒಳಗಿನೋರು ಅಲ್ವಾ?

ಮಾವ ಅಚ್ಚರಿ ಅನ್ನೋ ಹಾಗೆ ಮೆತ್ತಗಾದ್ರು. "ಶೃಂಗೇರಿ ಮಠವನ್ನ ಮರಾಠರ ಕಡೆಯೋರು ಲೂಟಿ ಮಾಡಿದಾಗ ಟಿಪ್ಪು ದುಡ್ಡು ಕಳಿಸಿದ್ದೂ ನಿಜ, ಇಲ್ಲಿ ಸೆರೆ ಹಿಡಿದಿದ್ದೂ ನಿಜ. ಎರಡನ್ನೂ ಪಾಠ ಮಾಡಿದೀನಿ. ಪಾರ್ಟಿ ಬದಲಾದ ಹಾಗೆ ಒಂದು ದಪ್ಪ ಅಕ್ಷರ ಆಗ್ತಿತ್ತು, ಇನ್ನೊಂದು ಮಾಯ ಆಗ್ತಿತ್ತು" ಅಂದ್ರು. ಹಿಂದಿನ ದಿನ ಶ್ರೀರಂಗಪಟ್ಟಣದಿಂದ ಹುಣಸೂರು ತನಕ ಶೃಂಗೇರಿ ಹೆಸರು ಬಂದಿರ್ಲಿಲ್ಲ, ಅದೂ ಗಮನಿಸಿದೆ.

ಆಮೇಲೆ ಅಂಕಲ್ ತಮ್ಮ ಅಸಲಿ ಸಿಟ್ಟು ತೋಡ್ಕೊಂಡ್ರು, ಅದಕ್ಕೂ ಮುಸ್ಲಿಮರಿಗೂ ಸಂಬಂಧಾನೇ ಇಲ್ಲ. 2024ರ ಡಿಸೆಂಬರ್‌ನಲ್ಲಿ ಮೂರ್ನಾಡು ಹತ್ರ ಕಟ್ಟೆಮಾಡಿನ ಮೃತ್ಯುಂಜಯ ದೇವಸ್ಥಾನದ ಉತ್ಸವಕ್ಕೆ ಕೊಡವರು ತಮ್ಮ ಸಾಂಪ್ರದಾಯಿಕ ಉಡುಪು ಕುಪ್ಯಚೇಲೆ ಹಾಕ್ಕೊಂಡು ಬರಬಾರದು ಅಂತ ಶುರುವಾದ ತಕರಾರು, ಕೊಡವರು ಒಂದು ಕಡೆ, ಅರೆಭಾಷೆ ಗೌಡರು ಒಂದು ಕಡೆ ಅನ್ನೋ ಮಟ್ಟಕ್ಕೆ ಹೋಯ್ತು, 2025ರ ಫೆಬ್ರವರಿಯಲ್ಲಿ ಕೊಡವರು ಕುಟ್ಟದಿಂದ ಮಡಿಕೇರಿಗೆ ಪಾದಯಾತ್ರೆ ಮಾಡಿದ್ರು. "ಎಲೆಕ್ಷನ್ ಟೈಮಲ್ಲಿ ನಾವೆಲ್ಲ ಹಿಂದೂ. ದೇವಸ್ಥಾನದ ಬಾಗಿಲಿಗೆ ಹೋದ್ರೆ ನೀನು ಕೊಡವ, ಬಟ್ಟೆ ಬದಲಾಯಿಸ್ಕೊಂಡು ಬಾ" ಅಂದ್ರು. ಇವರ ಮದುವೇಲಿ ಬ್ರಾಹ್ಮಣ ಪುರೋಹಿತರಿಲ್ಲ, ದೀಪ, ಹಿರಿಯರು, ಮನೆತನದ ಮೂಲಪುರುಷ ಗುರುಕಾರೋಣ, ಅಷ್ಟೇ. 1956ರ ತನಕ ಕೊಡಗು ಬೇರೆ ರಾಜ್ಯ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ, ಅದನ್ನೂ ನೆನಪಿಸಿದ್ರು. ಈಗ ಸ್ವಾಯತ್ತ ಕೊಡವ ನಾಡು ಬೇಕು ಅನ್ನೋರೂ ಇದಾರೆ. "ಕೊಟ್ರೆ ಅದರೊಳಗೆ ಗೌಡರು ಏನ್ಮಾಡ್ಬೇಕು, ಆದಿವಾಸಿ ಯರವರು ಕುರುಬರು ಏನ್ಮಾಡ್ಬೇಕು?" ಅಂತ ಆಂಟಿ ಒಳಗಿಂದ್ಲೇ ಕೇಳಿದ್ರು. ಅಂಕಲ್‌ಗೆ ಅದು ಕೇಳಿಸ್ಲಿಲ್ಲ, ಅಥವಾ ಕೇಳಿಸ್ಲಿಲ್ಲ ಅನ್ನೋ ಹಾಗೆ ಇದ್ರು.

ಭಾನುವಾರ

ಮೂರ್ನಾಡು, ನಾಪೋಕ್ಲು, ಎಮ್ಮೆಮಾಡು. ನಾಪೋಕ್ಲಿನ ಆಚೆ ನೆಟ್‌ವರ್ಕ್ ನಂಬ್ಕೋಬೇಡಿ, ಕೈಯಲ್ಲಿ ಕ್ಯಾಶ್ ಇರ್ಲಿ. ಎಮ್ಮೆಮಾಡಿನ ಸೂಫಿ ಶಹೀದ್ ದರ್ಗಾಕ್ಕೆ ಹಿಂದೂಗಳೂ ಹರಕೆ ಹೊರ್ತಾರೆ ಅಂತ ಕೇಳಿದ್ದೆ, ನಾವು ಹೋದಾಗ ಒಂದು ಗೌಡ ದಂಪತಿ ಮಗು ಎತ್ಕೊಂಡು ಬಂದಿದ್ರು, ರಾತ್ರಿ ಬೆಚ್ಚಿ ಬೀಳತ್ತಂತೆ. ಹೆಂಗಸರು ತಲೆಗೆ ದುಪ್ಪಟ್ಟಾ ಇಟ್ಕೊಂಡಿರಿ. ಮಾವ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ರು, ಮೇಲೆ ಹತ್ತಲಿಲ್ಲ. "ಇಲ್ಲಿಂದ್ಲೇ ಕೈ ಮುಗೀತೀನಿ" ಅಂದ್ರು. ಯಾರೂ ಬನ್ನಿ ಅಂತ ಎಳೀಲಿಲ್ಲ, ಯಾಕೆ ಬರ್ಲಿಲ್ಲ ಅಂತಾನೂ ಕೇಳ್ಲಿಲ್ಲ.

ಕೆಳಗಿನ ಚಾ ಅಂಗಡೀಲಿ ಪತ್ತಿರಿ ಅನ್ನೋ ಅಕ್ಕಿ ರೊಟ್ಟಿ, ಹಾಲಿಲ್ಲದ ಸುಲೈಮಾನಿ ಚಾ. ಅಂಗಡಿಯವರು ಒಳಗೆ ಹೆಂಡ್ತಿ ಜೊತೆ ಮಲಯಾಳ, ಬಂದ ಗಿರಾಕಿ ಜೊತೆ ಕೊಡವ ತಕ್ಕ್, ನಮ್ಮ ಜೊತೆ ಕನ್ನಡ. ಮೊದಲು ಕರಿಮೆಣಸು ತಗೊಳೋ ವ್ಯಾಪಾರ ಮಾಡ್ತಿದ್ರಂತೆ. 2015ರ ಬಗ್ಗೆ ನಾನು ಕೇಳಿದ್ದಲ್ಲ, ಮಾವ ಕೇಳಿದ್ದು.

"ಏನು ಹೇಳೋದು ಸಾರ್. ಮೆಣಸು ತರ್ತಿದ್ದ ಕೊಡವರು ಬರೋದು ನಿಲ್ಸಿದ್ರು. ಯಾರೂ ಬೈಲಿಲ್ಲ, ಬರ್ಲಿಲ್ಲ ಅಷ್ಟೇ. ಸುಮಾರು ದಿನ ಆದ್ಮೇಲೆ ಒಬ್ರು ಬಂದ್ರು, ಮೂಟೆ ಇಟ್ರು, ದುಡ್ಡು ತಗೊಂಡ್ರು, ಮಾತಿಲ್ಲ. ಮುಂದಿನ ಸಲಾನೂ ಹಾಗೇ. ಒಂದಿನ ತಕ್ಕಡೀಲಿ ಮೋಸ ಮಾಡ್ತೀಯ ಅಂತ ಹಿಂದಿನ ಥರಾನೇ ಕೆಟ್ಟ ಕೆಟ್ಟದಾಗಿ ಬೈದ್ರು ನೋಡಿ, ಅಬ್ಬ ಸರಿ ಹೋಯ್ತು ಅನ್ನಿಸ್ತು."

2022ರಲ್ಲಿ ದೇವಸ್ಥಾನದ ಜಾತ್ರೆಗಳಲ್ಲಿ ಮುಸ್ಲಿಮರಿಗೆ ಅಂಗಡಿ ಕೊಡ್ಬೇಡಿ ಅಂತ ರಾಜ್ಯದ ಎಷ್ಟೋ ಕಡೆ ಬೋರ್ಡ್ ಬಿತ್ತಲ್ಲ, ಇವರ ಭಾವ ಆಟಿಕೆ ಸಾಮಾನು ಮಾರೋರು, ಆ ವರ್ಷ ಮನೇಲೇ ಕೂತ್ರಂತೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಪಿಎಫ್‌ಐ ಅನ್ನೋ ಮುಸ್ಲಿಂ ಸಂಘಟನೆ ಬ್ಯಾನ್ ಆಯ್ತು. ಅದಕ್ಕೂ ಇವರಿಗೆ ಕಣ್ಣೀರಿರ್ಲಿಲ್ಲ. "ನಮ್ಮ ಹುಡುಗರಿಗೂ ತಲೆ ತುಂಬೋರು ಬರ್ತಿದ್ರು. ದರ್ಗಾಕ್ಕೆ ಹೋಗ್ಬೇಡ, ಅದು ಸರಿಯಾದ ಇಸ್ಲಾಂ ಅಲ್ಲ ಅನ್ನೋರು ಬೇರೆ. ಇವ್ರೂ ದರ್ಗಾ ಬೇಡ ಅಂತಾರೆ, ಅವ್ರೂ ಬೇಡ ಅಂತಾರೆ" ಅಂತ ನಕ್ಕು ಮಾವನ ಗ್ಲಾಸಿಗೆ ಇನ್ನೂ ಸ್ವಲ್ಪ ಸುಲೈಮಾನಿ ಬಗ್ಗಿಸಿದ್ರು. ಮಾವ ಚಾ ಕುಡಿದ್ರು, ಪತ್ತಿರಿ ಮುಟ್ಲಿಲ್ಲ.

ನಾಪೋಕ್ಲಿಂದ ವಿರಾಜಪೇಟೆಗೆ ಶಾರ್ಟ್‌ಕಟ್ ಅಂತ ಮ್ಯಾಪ್ ನಮ್ಮನ್ನ ಒಂದು ತೋಟದ ಗೇಟಿಗೆ ತಂದು ನಿಲ್ಲಿಸ್ತು. ನಾಯಿಗಳು, ಮುಂದೆ ರಸ್ತೇನೇ ಇಲ್ಲ, ರಿವರ್ಸ್ ತಗೊಳೋಕೆ ಜಾಗಾನೂ ಇಲ್ಲ. ತೋಟದ ಕೆಲಸದೋರ ಲೈನ್ ಮನೆ ಕಡೆಯಿಂದ ಒಬ್ಬ ಹುಡುಗ, ಅವನ ಹೆಂಡ್ತಿ, ಒಂದು ಮಗು ಬಂದ್ರು, ಭಾನುವಾರ ಅಂತ ಒಳ್ಳೇ ಬಟ್ಟೆ ಹಾಕ್ಕೊಂಡು. ಅವನೇ ಹಿಂದೆ ನಿಂತು ಸ್ವಲ್ಪ ಸ್ವಲ್ಪಾನೇ ಹೇಳ್ತಾ ಗಾಡಿ ತಿರುಗಿಸ್ಕೊಟ್ಟ, ಗೋಣಿಕೊಪ್ಪ ಸಂತೆಗೆ ಹೊರಟಿದ್ರು, ಬನ್ನಿ ಅಂತ ಹತ್ತಿಸ್ಕೊಂಡ್ವಿ. ಈ ತೋಟಗಳ ಕೊಯ್ಲು ಈಗ ಬಹಳಷ್ಟು ಅಸ್ಸಾಮಿನೋರ ಕೈಯಲ್ಲೇ. ಮಾವ ತಮ್ಮ ಸ್ಕೂಲ್ ಹಿಂದೀಲಿ "ಆಪ್ ಕಹಾಂ ಕೇ?" ಅಂದ್ರು, ಅಷ್ಟೇ. ಹುಡುಗ ಮೊಬೈಲಿನ ಹಿಂದಿನ ಕ್ಲಿಯರ್ ಕವರ್ ಕಳಚಿ, ಅದರೊಳಗಿಂದ ಮಡಚಿ ಮಡಚಿ ಮೂಲೆ ಬಿಳಿಯಾಗಿದ್ದ ಆಧಾರ್ ತೆಗೆದು ಮಾವನ ಕೈಗೆ ಕೊಟ್ಟ. ಕೇಳಿದ್ದು ಊರು, ಕೊಟ್ಟಿದ್ದು ಕಾರ್ಡು. ಬಾರ್ಪೇಟಾ ಜಿಲ್ಲೆ. ಅವನ ಹೆಂಡ್ತೀನೂ ತನ್ನದು ತೆಗೆಯೋಕೆ ಬ್ಯಾಗಿಗೆ ಕೈ ಹಾಕಿದಳು, ನಮ್ಮನೆಯವಳು ಬೇಡ ಬೇಡ ಅಂದಳು.

ಮಾವನಿಗೆ ಏನು ಮಾಡ್ಬೇಕು ಗೊತ್ತಾಗ್ದೆ ಪೂರ್ತಿ ಓದಿದ್ರು, ಪಿನ್‌ಕೋಡ್ ಸಮೇತ. ಆಮೇಲೆ ಮೇಷ್ಟ್ರು ಬುದ್ಧಿ, "ಬೇಟಾ, ಆಧಾರ್ ನಾಗರಿಕತಾ ಕಾ ಸಬೂತ್ ನಹೀಂ ಹೈ" ಅಂದ್ರು. ಹುಡುಗ ಅರ್ಧ ಕನ್ನಡ ಅರ್ಧ ಹಿಂದೀಲಿ "ಮಾಲೂಮ್ ಸಾರ್. ಆದ್ರೆ ಎಲ್ರೂ ಇದೇ ಕೇಳೋದು" ಅಂದ. ಇಲ್ಲಿ ಬಾಂಗ್ಲಾದೋರು ಸೇರ್ಕೊಂಡಿದಾರೆ ಅಂತ ಆಗಾಗ ಸುದ್ದಿ ಏಳತ್ತೆ, ಪೊಲೀಸ್ ಬರ್ತಾರೆ, ಲೈನ್ ಮನೆ ಮುಂದೆ ಸಾಲಾಗಿ ನಿಲ್ಲಿಸ್ತಾರೆ, ಕಾರ್ಡ್ ನೋಡ್ತಾರೆ, ಹೋಗ್ತಾರೆ. 2019ರ ಆಗಸ್ಟ್‌ನಲ್ಲಿ ಬಂದ ಅಸ್ಸಾಮಿನ ನಾಗರಿಕರ ನೋಂದಣಿ, ಅದೇ ಎನ್‌ಆರ್‌ಸಿ, ಕೊನೇ ಪಟ್ಟೀಲಿ 19 ಲಕ್ಷ ಜನರ ಹೆಸರಿರ್ಲಿಲ್ಲ, ಇವನ ಹೆಸರಿದೆ, ಇವನ ಅಕ್ಕಂದು ಇಲ್ಲ. ಅಕ್ಕನ ಮದುವೆ ಆದ ಊರಿನ ಪಂಚಾಯ್ತಿ ಕಾಗದದಲ್ಲಿ ಅಪ್ಪನ ಹೆಸರಿನ ಸ್ಪೆಲ್ಲಿಂಗ್ ಬೇರೆ ಇತ್ತಂತೆ. ನನಗೆ ಬೈಲಕುಪ್ಪೆ ಹೋಟೆಲಿನ ಆಕೆಯ ತಮ್ಮ ನೆನಪಾದ. ಮಾವ ಗೋಣಿಕೊಪ್ಪ ತನಕ ದೇಶದ ವಿಷಯ ಎತ್ತಲಿಲ್ಲ, ಮಗೂಗೆ ಕಿತ್ತಳೆ ಸುಲಿದು ಕೊಡ್ತಾ ಬಂದ್ರು.

ದಾರೀಲಿ ವಿರಾಜಪೇಟೆ, ಸಂತ ಅನ್ನಮ್ಮನ ಚರ್ಚನ್ನ ಹೊರಗಿಂದ್ಲೇ ನೋಡಿದ್ವಿ, ಹಿಂದಿನ ಸೀಟಲ್ಲಿ ಅಷ್ಟು ಜನ ಇರೋವಾಗ ಇಳಿಯೋದು ಕಷ್ಟ. ಟಿಪ್ಪು ಸೆರೆಯಿಂದ ತಪ್ಪಿಸ್ಕೊಂಡು ಬಂದ ಕ್ಯಾಥೊಲಿಕರಿಗೆ 1792ರಲ್ಲಿ ಇಲ್ಲಿ ಜಾಗ ಕೊಟ್ಟು ಕೂರಿಸಿದ್ದು ಅದೇ ದೊಡ್ಡ ವೀರರಾಜೇಂದ್ರ. ಪೇಟೆ ಕಟ್ಟಿಸಿದ್ದೂ ಅವನೇ.

ಗೋಣಿಕೊಪ್ಪ ಸಂತೇಲಿ ಕಾಲಿಡೋಕೆ ಜಾಗ ಇಲ್ಲ. ಒಣಮೀನು, ಸ್ವೆಟರು, ರೀಚಾರ್ಜ್ ಅಂಗಡಿ ಮುಂದೆ ಕ್ಯೂ, ಯರವ ಹೆಂಗಸರು, ಅಸ್ಸಾಮಿನ ಹುಡುಗರು, ಕೇರಳದ ಬಾಳೆಕಾಯಿ ವ್ಯಾಪಾರಿಗಳು, ಕತ್ತಿ ಸಾಣೆ ಹಿಡಿಯೋನು. ಒಬ್ಬ ತರಕಾರಿಯವನು ಬೆಂಗಾಲೀಲಿ ರೇಟ್ ಕೂಗ್ತಿದ್ದ, ಕೇಳಿದ್ರೆ ಪಿರಿಯಾಪಟ್ಟಣದವನು, ವ್ಯಾಪಾರಕ್ಕೆ ಕಲಿತಿದ್ದು ಅಂದ. ನಾಡು ನುಡಿ ಅಂತ ವೇದಿಕೆ ಮೇಲೆ ಮಾತಾಡೋರು ಒಂದ್ಸಲ ಇಲ್ಲಿ ಬಂದು ಬದನೆಕಾಯಿ ತಗೊಂಡು ಹೋಗ್ಬೇಕು.

ಸೋಮವಾರ

ತಿತಿಮತಿ ಕಾಡಿನ ರಸ್ತೇಲಿ ವಾಪಸ್ಸು. ಬೆಳಕಿದ್ದಾಗ್ಲೇ ದಾಟಿ, ಸಂಜೆ ಮೇಲೆ ಆನೆ ರಸ್ತೆಗೇ ಬರ್ತವೆ, ಸೆಲ್ಫಿಗೆ ಅಂತ ಇಳೀಬೇಡಿ. ಒಂದು ಸ್ಕೂಲ್ ಹತ್ರ ಧ್ವಜವಂದನೆ ಮುಗಿದು ಮಕ್ಕಳು ಲಾಡು ತಿನ್ಕೊಂಡು ಬರ್ತಿದ್ರು, ಮಾವ ಗಾಡಿ ನಿಲ್ಲಿಸು ಅಂತ ಇಳಿದು ಬಾವುಟಕ್ಕೆ ಸೆಲ್ಯೂಟ್ ಹೊಡೆದು, ಯಾರೋ ಕೊಟ್ಟ ಲಾಡು ತಿಂದು ಬಂದ್ರು.

ಹುಣಸೂರಿಗೆ ಬರೋ ಹೊತ್ತಿಗೆ ನೆಟ್‌ವರ್ಕ್ ಚೆನ್ನಾಗಿ ಸಿಕ್ತು. ಮಾವ ಶನಿವಾರ ತೆಗೆದ ಗದ್ದುಗೆ ಫೋಟೋನ ಫ್ಯಾಮಿಲಿ ಗ್ರೂಪಿಗೆ ಹಾಕಿದ್ರು, ಕೆಳಗೆ ಏನೂ ಬರೀಲಿಲ್ಲ. ಎರಡು ನಿಮಿಷಕ್ಕೆ ದಾವಣಗೆರೆ ಚಿಕ್ಕಪ್ಪನ ಮೆಸೇಜು: "ಯಾವ ಮಸೀದಿ ಇದು? ಅಲ್ಲಿಗ್ಯಾಕೆ ಹೋಗಿದ್ರಿ?" ಆಮೇಲೆ ಇನ್ನೊಬ್ಬರು ಕೈ ಮುಗಿಯೋ ಇಮೋಜಿ ಹಾಕಿ, ಅದನ್ನ ಡಿಲೀಟ್ ಮಾಡಿದ್ರು. ಸೋದರತ್ತೆ ಮಗ ಒಂದು ಬಾವುಟದ ವಿಡಿಯೋ ಹಾಕಿ "ಇವತ್ತಿನ ದಿನ ಇಂಥ ಫೋಟೋ ಬೇಡ" ಅಂದ.

ಮಾವ ಕನ್ನಡಕ ಹಾಕ್ಕೊಂಡ್ರು. ಹುಣಸೂರಿಂದ ಮೈಸೂರು ತನಕ ಒಂದೇ ಬೆರಳಲ್ಲಿ ಟೈಪ್ ಮಾಡಿದ್ರು, ಮಧ್ಯೆ ಮಧ್ಯೆ ನನ್ನ ಕೇಳೋದು, ದೊಡ್ಡ ವೀರರಾಜ ತಪ್ಪಿಸ್ಕೊಂಡಿದ್ದು 88ನೇ ಇಸ್ವಿ ತಾನೇ, ಓಂಕಾರೇಶ್ವರ 1820 ತಾನೇ. ಮೂಲೇಲಿರೋ ಬಸವನ್ನ ಝೂಮ್ ಮಾಡಿ ಸುತ್ತ ಕೆಂಪು ರೌಂಡ್ ಹಾಕಿ ಇನ್ನೊಂದು ಫೋಟೋ ಕಳಿಸಿದ್ರು. ಚಿಕ್ಕಪ್ಪ "ಇರಬಹುದು, ಆದ್ರೂ ಗುಂಬಜ್ ಅವರದ್ದೇ" ಅಂತ ಬರೆದ್ರು. ಮಾವ ಅದಕ್ಕೂ ಉತ್ತರ ಬರೀತಿದ್ರು, ಮೈಸೂರಲ್ಲಿ ಊಟಕ್ಕೆ ಇಳೀರಿ ಅಂದ್ರೂ ಇಳೀಲಿಲ್ಲ, ನೀವು ತಿಂದು ಬನ್ನಿ ಅಂದ್ರು.